ಮೈಕೆಲ್ಯಾಂಜೆಲೊ ಕಾಲದ ಕಲಾವಿದರು ಹಳೆಯ ಗ್ರೀಕ್-ರೋಮನ್ ಶಿಲ್ಪಗಳಿಂದ ಹೇಗೆ ಕಲಿತರು?

ಸುಮ್ನೆ ನೋಡಿ ಅಲ್ಲ, ಅದನ್ನೇ ಮತ್ತೆ ಮತ್ತೆ ಬರೆದು, ಕೆತ್ತಿ. 1506ರಲ್ಲಿ ರೋಮ್‌ನ ಒಂದು ದ್ರಾಕ್ಷಿ ತೋಟದಲ್ಲಿ ಲಾವೊಕೂನ್ ಶಿಲ್ಪ ಸಿಕ್ಕಿತು: ಹಾವುಗಳು ಸುತ್ತಿಕೊಂಡ ಅಪ್ಪ, ಇಬ್ಬರು ಮಕ್ಕಳು. ಮಣ್ಣಿನಿಂದ ತೆಗೆಯುವಾಗಲೇ ಮೈಕೆಲ್ಯಾಂಜೆಲೊ ಹೋಗಿ ನೋಡಿದ್ದ. ಎಷ್ಟೋ ಜನ ಅದರ ಚಿತ್ರ ಬರೆದರು. ಬಾಂದಿನೆಲ್ಲಿ ಅನ್ನೋ ಶಿಲ್ಪಿ ಅಮೃತಶಿಲೆಯಲ್ಲಿ ನಕಲನ್ನೇ ಕೆತ್ತಿದ. ರೋಮ್‌ಗೆ ಹೋಗಲಾಗದವರಿಗೆ ಪ್ಲಾಸ್ಟರ್ ಪ್ರತಿಗಳಿದ್ದವು. ಮುಂದೆ ಯುರೋಪಿನ ಕಲಾಶಾಲೆಗಳಲ್ಲಿ ಮೊದಲು ಅವನ್ನು ನೋಡಿ ಬರೆಯಬೇಕಿತ್ತು, ಆಮೇಲೆ ಜೀವಂತ ಮಾಡೆಲ್.

ತಮಾಷೆ ಏನು ಗೊತ್ತಾ? ಸಿಕ್ಕಾಗ ಅಪ್ಪನ ಬಲಗೈ ಇರಲಿಲ್ಲ. ಮೇಲಕ್ಕೆ ಚಾಚಿದ ಹೊಸ ಕೈ ಜೋಡಿಸಿದರು. ಎಷ್ಟೋ ನಕಲುಗಳಲ್ಲೂ ಅದೇ ಕೈ ಬಂತು. 1906ರಲ್ಲಿ ಸಿಕ್ಕ ಹಳೆಯ ಕೈ ನೋಡಿದರೆ, ಹಿಂದಕ್ಕೆ ಮಡಚಿತ್ತು!