ಕರೆಂಟೂ ಬೇಕು, ಬಿಸಿನೀರೂ ಬೇಕು: ಪಿವಿಟಿ ಪ್ಯಾನಲ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಒಂದೇ ಪ್ಯಾನಲ್‌ನಿಂದ ಕರೆಂಟ್, ಬಿಸಿನೀರು ಎರಡನ್ನೂ ಪಡೆಯುವ ಪಿವಿಟಿ ಬಗ್ಗೆ ಹಲವು ದೇಶಗಳು ಒಟ್ಟಾಗಿ ಸಂಶೋಧನೆ ಮಾಡಿವೆಯಂತೆ. ನನ್ನ ಪ್ರಾಜೆಕ್ಟಿಗೆ ಅದರಿಂದ ಏನು ತೆಗೆದುಕೊಳ್ಳಬಹುದು? ಅಲ್ಲಿನ ಫಲಿತಾಂಶ ಕರಾವಳಿಗೆ ಹೊಂದುತ್ತದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಅವರು ಅಳೆಯುವ ಕ್ರಮವನ್ನು ಪೂರ್ತಿಯಾಗಿ ತೆಗೆದುಕೊಳ್ಳಿ. ಅವರ ಸಿಸ್ಟಮ್ ವಿನ್ಯಾಸವನ್ನು ಮಾತ್ರ ಇದ್ದ ಹಾಗೆ ಇಲ್ಲಿಗೆ ತರಬೇಡಿ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಆಶ್ರಯದಲ್ಲಿ ‘ಸೋಲಾರ್ ಹೀಟಿಂಗ್ ಆ್ಯಂಡ್ ಕೂಲಿಂಗ್’ ಎಂಬ ಸಹಕಾರ ಕಾರ್ಯಕ್ರಮ 1977ರಿಂದ ನಡೆಯುತ್ತಿದೆ. ಅಲ್ಲಿ ಪ್ರತಿ ವಿಷಯಕ್ಕೂ ಒಂದು ‘ಟಾಸ್ಕ್’. ಸೇರಿದ ದೇಶಗಳು ತಮ್ಮ ಸಂಶೋಧಕರ ಖರ್ಚನ್ನು ತಾವೇ ನೋಡಿಕೊಳ್ಳುತ್ತವೆ, ಲೆಕ್ಕಗಳನ್ನು ಒಂದೇ ನಮೂನೆಯಲ್ಲಿ ಹಂಚಿಕೊಳ್ಳುತ್ತವೆ. ಪಿವಿಟಿಗೆಂದೇ ಮೊದಲು 2005ರಿಂದ 2007ರವರೆಗೆ ಟಾಸ್ಕ್ 35, ಆಮೇಲೆ 2018ರಿಂದ 2020ರವರೆಗೆ ಟಾಸ್ಕ್ 60 ನಡೆದವು. ಎರಡನೆಯದರಲ್ಲಿ ಓಡುತ್ತಿರುವ ಸಿಸ್ಟಮ್‌ಗಳ ಅಳತೆ, ಪ್ಯಾನಲ್ ಪರೀಕ್ಷೆ, ಕಂಪ್ಯೂಟರ್ ಮಾದರಿ, ವಿನ್ಯಾಸದ ಉದಾಹರಣೆಗಳು ಎಲ್ಲವೂ ಇವೆ. ಇವುಗಳಲ್ಲಿ ನಿಮಗೆ ಹೆಚ್ಚು ಬೇಕಾದದ್ದು ಪರೀಕ್ಷೆಯ ಭಾಗ.

ಯಾಕೆಂದರೆ ಪಿವಿಟಿಯಲ್ಲಿ ಲೆಕ್ಕ ತಪ್ಪುವುದು ಬಹಳ ಸುಲಭ. ಪ್ಯಾನಲ್‌ನಿಂದ ಕರೆಂಟ್ ಎಳೆಯದೆ ನೀರಿನ ಶಾಖ ಮಾತ್ರ ಅಳೆದರೆ, ಕರೆಂಟಾಗಿ ಹೊರಗೆ ಹೋಗಬೇಕಿದ್ದ ಶಕ್ತಿಯೂ ಶಾಖವಾಗಿ ನೀರಿಗೆ ಸೇರುತ್ತದೆ. ಆಮೇಲೆ ಬೇರೆಯಾಗಿ ಕರೆಂಟ್ ಅಳೆದು ಎರಡನ್ನೂ ಕೂಡಿಸಿದರೆ ಒಂದೇ ಬಿಸಿಲನ್ನು ಎರಡು ಸಲ ಎಣಿಸಿದ ಹಾಗಾಯಿತು. ಆದ್ದರಿಂದ ಎಂಪಿಪಿಟಿ (ಪ್ಯಾನಲ್‌ನಿಂದ ಸದಾ ಗರಿಷ್ಠ ಶಕ್ತಿ ಎಳೆಯುವ ವ್ಯವಸ್ಥೆ) ಇರುವ ಇನ್ವರ್ಟರನ್ನೋ, ಕರೆಂಟನ್ನು ಎಳೆದುಕೊಳ್ಳುವ ಎಲೆಕ್ಟ್ರಾನಿಕ್ ಲೋಡನ್ನೋ ಜೋಡಿಸಿಟ್ಟುಕೊಂಡೇ ಶಾಖ ಅಳೆಯಬೇಕು. ಐಎಸ್‌ಒ 9806 ಮಾನದಂಡದ 2017ರ ಆವೃತ್ತಿ ಪಿವಿಟಿಯನ್ನೂ ಒಳಗೊಂಡಿದೆ. ಗಾಜಿನ ಹೊದಿಕೆಯಿಲ್ಲದ ಪ್ಯಾನಲ್‌ಗೆ ಬೇರೆ ಬೇರೆ ಗಾಳಿ ವೇಗದಲ್ಲೂ ಪರೀಕ್ಷೆ ಬೇಕು. ಮಧ್ಯಾಹ್ನವಾಗುತ್ತಲೇ ಕಡಲ ಗಾಳಿ ಬೀಸುವ ನಮ್ಮ ಊರಿನಲ್ಲಿ ಈ ಅಂಕಿ ಇಲ್ಲದಿದ್ದರೆ ಉಳಿದ ಲೆಕ್ಕಕ್ಕೆ ಬೆಲೆಯಿಲ್ಲ.

‘ಒಟ್ಟು ದಕ್ಷತೆ 70–80 ಶೇಕಡಾ’ ಎಂಬ ಜಾಹೀರಾತನ್ನೂ ಇದೇ ಕಣ್ಣಿನಿಂದ ನೋಡಿ. ಅದು ನೀರು ಸುತ್ತಲಿನ ಗಾಳಿಯಷ್ಟೇ ತಂಪಾಗಿರುವಾಗಿನ ಮಾತು. ಹೊದಿಕೆಯಿಲ್ಲದ ಪ್ಯಾನಲ್‌ನ ಶಾಖ ದಕ್ಷತೆ ಆಗ 50 ಶೇಕಡಾ ಎಂದು ಹಿಡಿಯಿರಿ, ಒಟ್ಟಿನಲ್ಲಿ ಉಳಿದದ್ದು ಕರೆಂಟ್. ನೀರು ಗಾಳಿಗಿಂತ 1 ಡಿಗ್ರಿ ಬಿಸಿಯಾದಂತೆಲ್ಲ ಚದರ ಮೀಟರಿಗೆ ಸುಮಾರು 12 ವ್ಯಾಟ್ ಸೋರಿಹೋಗುತ್ತದೆ. ಚದರ ಮೀಟರಿಗೆ 1000 ವ್ಯಾಟ್ ಬಿಸಿಲಿನಲ್ಲಿ 10 ಡಿಗ್ರಿ ವ್ಯತ್ಯಾಸಕ್ಕೆ ದಕ್ಷತೆ 38ಕ್ಕೆ ಇಳಿಯುತ್ತದೆ, 40 ಡಿಗ್ರಿಗೆ ಹೆಚ್ಚುಕಡಿಮೆ ಸೊನ್ನೆ.

ನಮ್ಮ ಊರಿಗೆ ಅನುಕೂಲ ಇರುವುದೂ ಇಲ್ಲೇ. ಯುರೋಪಿನ ಚಳಿಯಲ್ಲಿ ಈ ಪ್ಯಾನಲ್‌ನಿಂದ ನೇರವಾಗಿ ಸ್ನಾನದ ನೀರು ಸಿಗುವುದು ಕಷ್ಟ. ಹಾಗಾಗಿ ಅಲ್ಲಿ ಅದನ್ನು ಹೀಟ್ ಪಂಪ್‌ಗೆ (ಕಡಿಮೆ ಬಿಸಿಯ ಕಡೆಯಿಂದ ಶಾಖ ಎಳೆದು ಹೆಚ್ಚು ಬಿಸಿಗೆ ಏರಿಸುವ ಯಂತ್ರ) ಜೋಡಿಸುತ್ತಾರೆ, ನೆಲದೊಳಗಿನ ಕೊಳವೆಗಳಿಗೆ ಬೇಸಿಗೆಯಲ್ಲಿ ಶಾಖ ತುಂಬುತ್ತಾರೆ, ನೀರು ಹೆಪ್ಪುಗಟ್ಟದಿರಲು ಗ್ಲೈಕಾಲ್ ಹಾಕುತ್ತಾರೆ. ಮಂಗಳೂರಿನಲ್ಲಿ ಗಾಳಿಯೇ 31 ಡಿಗ್ರಿ, ಸ್ನಾನಕ್ಕೆ 42 ಸಾಕು. ಈ ಸಣ್ಣ ಅಂತರದಲ್ಲಿ ಸಾದಾ, ಹೊದಿಕೆಯಿಲ್ಲದ ಪ್ಯಾನಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ವರ್ಷ ಪೂರ್ತಿ, ಆಟಿಯ ಮಳೆಯನ್ನೂ ಸೇರಿಸಿ, ಅವರದೇ ಕ್ರಮದಲ್ಲಿ ಅಳೆದ ಕರಾವಳಿಯ ಲೆಕ್ಕವೊಂದು ನಿಮ್ಮ ಪ್ರಾಜೆಕ್ಟಿನಿಂದ ಬಂದರೆ ಅದು ಬೇರೆ ಉಷ್ಣ ಪ್ರದೇಶದವರಿಗೂ ಉಪಯೋಗಕ್ಕೆ ಬರುತ್ತದೆ. ದಯವಿಟ್ಟು ಮಳೆಗಾಲದ ತಿಂಗಳುಗಳನ್ನು ಬಿಡಬೇಡಿ.

ಪ್ರಶ್ನೆ: ನಮ್ಮ ಹಾಸ್ಟೆಲಿನಲ್ಲಿ 60 ಮಕ್ಕಳಿದ್ದಾರೆ. ತಾರಸಿಯಲ್ಲಿ ನೀರಿನ ಟ್ಯಾಂಕ್, ಬಟ್ಟೆ ಒಣಗಿಸುವ ಜಾಗ ಬಿಟ್ಟರೆ ಉಳಿಯುವುದು ಸ್ವಲ್ಪವೇ. ಪಿವಿಟಿ ಹಾಕುವುದಾದರೆ ಎಷ್ಟು ಬೇಕು?
– ಹಾಸ್ಟೆಲ್ ಮೇಲ್ವಿಚಾರಕರು, ಮಣಿಪಾಲ

ಉತ್ತರ: ಜಾಗ ಕಡಿಮೆ, ನೀರಿನ ಖರ್ಚು ಹೆಚ್ಚು. ಪಿವಿಟಿಗೆ ಹೇಳಿ ಮಾಡಿಸಿದ ಸ್ಥಿತಿ ನಿಮ್ಮದು.

ತಲೆಗೆ 30 ಲೀಟರ್‌ನಂತೆ ದಿನಕ್ಕೆ 1800 ಲೀಟರ್. 27 ಡಿಗ್ರಿಯಿಂದ 42ಕ್ಕೆ ಏರಿಸಲು ಸುಮಾರು 31 ಯೂನಿಟ್ ಶಾಖ ಬೇಕು. ಚದರ ಮೀಟರಿಗೆ 5.5 ಯೂನಿಟ್ ಬಿಸಿಲು ಬೀಳುವ ದಿನ, ಸರಾಸರಿ 35 ಶೇಕಡಾ ದಕ್ಷತೆಯಲ್ಲಿ, ಚದರ ಮೀಟರಿಗೆ 1.9 ಯೂನಿಟ್ ಸಿಗುತ್ತದೆ. ಅಂದರೆ 16ರಿಂದ 17 ಚದರ ಮೀಟರ್, 2 ಚದರ ಮೀಟರಿನ ಪ್ಯಾನಲ್ ಆದರೆ ಎಂಟು. ತಲಾ 400 ವ್ಯಾಟಿನದಾದರೆ ಅವೇ ಎಂಟು ಪ್ಯಾನಲ್ 3.2 ಕಿಲೋವ್ಯಾಟ್ ಕರೆಂಟ್ ವ್ಯವಸ್ಥೆಯೂ ಹೌದು.

ಪ್ಯಾನಲ್‌ಗಳನ್ನು ದಕ್ಷಿಣಕ್ಕೆ 12–15 ಡಿಗ್ರಿ ಓರೆಯಾಗಿಡಿ. 10ಕ್ಕಿಂತ ಕಡಿಮೆಯಾದರೆ ಕೆಳ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ನೀರಿನ ಪೈಪುಗಳು ಸಮಾಂತರವಾಗಿರಲಿ, ಮೊದಲು ನೀರು ಪಡೆದ ಪ್ಯಾನಲ್ ಕೊನೆಯಲ್ಲಿ ಹಿಂದಿರುಗಿಸುವಂತೆ ಜೋಡಿಸಿ. ಇಲ್ಲದಿದ್ದರೆ ಹತ್ತಿರದ ಪ್ಯಾನಲ್‌ಗೆ ನೀರೆಲ್ಲ ಹರಿದು ದೂರದ್ದು ಕಾಯುತ್ತಲೇ ಇರುತ್ತದೆ. ಬಿಸಿಯ ವ್ಯತ್ಯಾಸ ಕಡಿಮೆಯಿರುವುದರಿಂದ ನೀರು ತಾನಾಗಿ ಮೇಲೇರುತ್ತದೆ ಎಂದು ನಂಬಬೇಡಿ. ನಿಮಿಷಕ್ಕೆ 11 ಲೀಟರ್ ಕೊಡುವ ಸಣ್ಣ ಪಂಪ್ ಬೇಕು. ಪ್ಯಾನಲ್ ನೀರು ಟ್ಯಾಂಕಿನ ತಳಕ್ಕಿಂತ 6 ಡಿಗ್ರಿ ಹೆಚ್ಚಾದಾಗ ಪಂಪ್ ಓಡಲಿ, 2ಕ್ಕೆ ಇಳಿದಾಗ ನಿಲ್ಲಲಿ. ಸೆನ್ಸರ್ ಸಡಿಲವಾದರೆ ಪಂಪ್ ರಾತ್ರಿಯೂ ಓಡಿ, ಹಗಲು ಕಾಯಿಸಿದ ನೀರನ್ನೆಲ್ಲ ತಣ್ಣಗೆ ಮಾಡಿಬಿಡುತ್ತದೆ. ಸಂಜೆ ಬಿಸಿ ಇದ್ದ ನೀರು ಬೆಳಿಗ್ಗೆ ಆರಿದೆ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ.

ಗಾಜಿನ ಹೊದಿಕೆಯಿರುವ ಪಿವಿಟಿ ಬೇಡ. ಏಪ್ರಿಲ್–ಮೇ ರಜೆಯಲ್ಲಿ ಮಕ್ಕಳಿರುವುದಿಲ್ಲ, ಬಿಸಿಲು ಮಾತ್ರ ಉರಿಯುತ್ತಿರುತ್ತದೆ. ನೀರು ನಿಂತರೆ ಗಾಜಿನೊಳಗೆ ಶಾಖ 100 ಡಿಗ್ರಿ ದಾಟಬಲ್ಲದು. ಸೆಲ್‌ಗಳನ್ನು ಹಿಡಿದಿರುವ ಇವಿಎ ಪದರ ಹಳದಿಯಾಗಿ ಬಿಡಿಸಿಕೊಳ್ಳುವುದು ಹೀಗೆ.

ಇನ್ನೊಂದನ್ನು ಒತ್ತಿ ಹೇಳಬೇಕು. 25ರಿಂದ 45 ಡಿಗ್ರಿಯಲ್ಲಿ ನಿಂತ ನೀರು ಲೀಜನೆಲ್ಲಾ ಬ್ಯಾಕ್ಟೀರಿಯಾಕ್ಕೆ ಹಿತ. ಅರುವತ್ತು ಮಕ್ಕಳು ಸ್ನಾನ ಮಾಡುವ ಟ್ಯಾಂಕನ್ನು ಹಾಗೇ ಬಿಡಬಾರದು. ಕೊನೆಯ ಟ್ಯಾಂಕಿನ ನೀರನ್ನು ಹೀಟ್ ಪಂಪ್ ಅಥವಾ ಕಾಯಿಲ್‌ನಿಂದ 60 ಡಿಗ್ರಿಗೆ ಏರಿಸಿ, ನಲ್ಲಿಗೆ ಬಿಡುವಾಗ ತಣ್ಣೀರು ಬೆರೆಸುವ ವಾಲ್ವ್ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗಿದ್ದರೂ ಇದೇ ಮುಖ್ಯ ಆಧಾರ.

ಪ್ರಶ್ನೆ: ಮನೆಯ ತಾರಸಿಯಲ್ಲಿ ಈಗಾಗಲೇ 3 ಕಿಲೋವ್ಯಾಟ್ ಸೋಲಾರ್ ಇದೆ. ಪ್ಯಾನಲ್ ಹಿಂದೆ ತಾಮ್ರದ ಪೈಪ್ ಕಟ್ಟಿ ನೀರು ಬಿಟ್ಟರೆ ಬಿಸಿನೀರು ಸಿಗುತ್ತದೆ, ಕರೆಂಟೂ ಹೆಚ್ಚುತ್ತದೆ ಅನ್ನುತ್ತಾರೆ. ಮಾಡಬಹುದೇ?
– ಗೃಹಸ್ಥರು, ಬಿಜೈ

ಉತ್ತರ: ಮಾಡಬೇಡಿ. ದುಂಡು ಪೈಪ್ ಚಪ್ಪಟೆ ಹಾಳೆಗೆ ತಾಗುವುದು ಒಂದು ಗೆರೆಯಷ್ಟೇ. ಅಲ್ಯೂಮಿನಿಯಂ ತಗಡು ಕೊಟ್ಟರೂ ನಡುವೆ 1 ಮಿಲಿಮೀಟರ್ ಗಾಳಿ ಉಳಿದರೆ, ಚದರ ಮೀಟರಿಗೆ 300 ವ್ಯಾಟ್ ಶಾಖ ದಾಟಲು ಅಲ್ಲಿಯೇ 11 ಡಿಗ್ರಿ ಕಳೆದುಹೋಗುತ್ತದೆ. ಅಂಟಿಸಿದರೆ ಇನ್ನೊಂದು ತೊಂದರೆ: ಗಾಜಿಗಿಂತ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ. 1.7 ಮೀಟರ್ ಉದ್ದಕ್ಕೆ 40 ಡಿಗ್ರಿ ಏರಿಳಿತದಲ್ಲಿ ಸುಮಾರು 1 ಮಿಲಿಮೀಟರ್ ವ್ಯತ್ಯಾಸ. ದಿನವೂ ಈ ಎಳೆದಾಟ ನಡೆದು ಅಂಟು ಬಿಡುತ್ತದೆ, ಇಲ್ಲವೇ ಹಿಂಬದಿಯ ಹಾಳೆ ಹರಿಯುತ್ತದೆ. ಸಾಲಿನ ಪ್ಯಾನಲ್‌ಗಳಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ. ಹರಿದ ಹಾಳೆಗೆ ಲೋಹ ತಾಗಿ ಮಳೆ ನೀರೂ ಸೇರಿದರೆ ಇನ್ವರ್ಟರ್ ಇನ್ಸುಲೇಶನ್ ಫಾಲ್ಟ್ (ಕರೆಂಟ್ ಸೋರಿಕೆಯ ಎಚ್ಚರಿಕೆ) ತೋರಿಸಿ ನಿಲ್ಲುತ್ತದೆ. ಪೈಪಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಜೀವಕ್ಕೇ ಅಪಾಯ. ವಾರಂಟಿಯೂ ಹೋಗುತ್ತದೆ.

ಲಾಭ ಎಷ್ಟು ಎಂದೂ ನೋಡಿ. 400 ವ್ಯಾಟ್ ಪ್ಯಾನಲ್‌ನ ಸೆಲ್ 62 ಡಿಗ್ರಿಯಲ್ಲಿರುವಾಗ, ಡಿಗ್ರಿಗೆ 0.35 ಶೇಕಡಾ ನಷ್ಟದ ಲೆಕ್ಕದಲ್ಲಿ, 348 ವ್ಯಾಟ್ ಬರುತ್ತದೆ. 45ಕ್ಕೆ ತಣಿಸಿದರೆ 372. ಅದೂ ಟ್ಯಾಂಕ್ ತಣ್ಣಗಿರುವಷ್ಟು ಹೊತ್ತು. ಮಧ್ಯಾಹ್ನ ಎರಡಕ್ಕೆ ನೀರು ಕಾದ ಮೇಲೆ ಪ್ಯಾನಲ್ ತಣಿಯುವುದೂ ನಿಂತಿತು. ನಾಲ್ಕೈದು ಮಂದಿಯ ಮನೆಗೆ ಬೇರೆಯೇ ಒಂದು ಸೋಲಾರ್ ವಾಟರ್ ಹೀಟರ್ ಸಾಕು. ಮಡಲು, ತೆಂಗಿನ ಸಿಪ್ಪೆ ಉರಿಸುವ ಹಂಡೆ ಇನ್ನೂ ಇದ್ದರೆ ಮಳೆಗಾಲಕ್ಕೆ ಅದನ್ನು ಉಳಿಸಿಕೊಳ್ಳಿ.

ಪ್ರಶ್ನೆ: ಸಮುದ್ರದ ಪಕ್ಕದ ನಮ್ಮ ಲಾಡ್ಜ್‌ಗೆ ಪಿವಿಟಿ ತರಿಸುತ್ತಿದ್ದೇವೆ. ಬಾವಿ ನೀರನ್ನೇ ನೇರವಾಗಿ ಬಿಡಬಹುದೇ?
– ಲಾಡ್ಜ್ ಮಾಲೀಕರು, ಮಲ್ಪೆ

ಉತ್ತರ: ನೇರವಾಗಿ ಬೇಡ. ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಕಡಲ ಬದಿಯಲ್ಲಿ ಬೇಸಿಗೆಗೆ ಉಪ್ಪೂ ಸೇರುತ್ತದೆ. ಅಲ್ಯೂಮಿನಿಯಂ ನಾಳಕ್ಕೆ ಇವೆರಡೂ ಒಟ್ಟಿಗೆ ಬಿದ್ದರೆ ಸಣ್ಣ ಸಣ್ಣ ತೂತು ಬೀಳುತ್ತವೆ. ಪ್ಯಾನಲ್‌ಗಳಲ್ಲಿ ತುಕ್ಕುನಿರೋಧಕ ಸೇರಿಸಿದ ಶುದ್ಧ ನೀರು ಮಾತ್ರ ಸುತ್ತಲಿ, ಬಾವಿ ನೀರು ಹೀಟ್ ಎಕ್ಸ್‌ಚೇಂಜರ್‌ನ (ಎರಡು ನೀರು ಬೆರೆಯದೆ ಶಾಖ ಮಾತ್ರ ದಾಟಿಸುವ ಸಾಧನ) ಆಚೆ ಬದಿಯಲ್ಲಿರಲಿ. ಚಳಿಗೆ ಹೆಪ್ಪುಗಟ್ಟುವ ಭಯ ಇಲ್ಲದ ಕಾರಣ ಗ್ಲೈಕಾಲ್‌ಗೆ ಹಣ ಹಾಕಬೇಡಿ. ನೀರಿನ ಪಿಎಚ್ ಮತ್ತು ಕ್ಲೋರೈಡನ್ನು ಮೇ ತಿಂಗಳಲ್ಲಿ ಪರೀಕ್ಷಿಸಿ, ಮಳೆ ಬಿದ್ದ ಮೇಲಿನ ಅಂಕಿ ನಂಬಿ ಕೂರಬೇಡಿ. ಪ್ಯಾನಲ್‌ಗೆ ಉಪ್ಪುಗಾಳಿಯ ಐಇಸಿ 61701 ಪ್ರಮಾಣಪತ್ರ ಕೇಳಿ. ನಟ್ಟು ಬೋಲ್ಟು 316 ದರ್ಜೆಯ ಸ್ಟೀಲಿನದಾಗಿರಲಿ, ಅಲ್ಯೂಮಿನಿಯಂಗೆ ತಾಗುವಲ್ಲಿ ರಬ್ಬರ್ ವಾಷರ್ ಇರಲಿ. ತಾಮ್ರದ ಪೈಪಿಗೆ ಜಿಐ ಪೈಪನ್ನು ನೇರ ಜೋಡಿಸುವ ಪ್ಲಂಬರನ್ನು ಅಲ್ಲಿಯೇ ತಡೆಯಿರಿ. ನಡುವೆ ಹಿತ್ತಾಳೆಯ ಫಿಟ್ಟಿಂಗ್ ಅಥವಾ ಡೈಎಲೆಕ್ಟ್ರಿಕ್ ಯೂನಿಯನ್ (ಎರಡು ಲೋಹ ತಾಗದಂತೆ ಬೇರ್ಪಡಿಸುವ ಜೋಡಣೆ) ಹಾಕಿಸದಿದ್ದರೆ ಮೊದಲು ಸೋರುವುದು ಆ ಜೋಡಣೆಯೇ.