ಕ್ಷಮಿಸಿದ ಮೇಲೆ ಸಹಿಯನ್ನೂ ಹಾಕಬೇಕಾ?

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅಣ್ಣ ನನಗೆ ಹೇಳದೆ ಊರಿನ ಜಮೀನಿನಲ್ಲಿ ಅರ್ಧ ಮಾರಿದ. ನನಗೆ ಒಂದು ರೂಪಾಯಿಯೂ ಬರಲಿಲ್ಲ. ಆಗಿನಿಂದ ಮಾತಿಲ್ಲ, ಅವನ ಮಗಳ ಮದುವೆಗೂ ನಾನು ಹೋಗಲಿಲ್ಲ. ಇಬ್ಬರೂ ಒಂದೇ ಚರ್ಚಿನ ಸಭೆಯವರು. ಎರಡು ವರ್ಷದಿಂದ ನಾನು ಕರ್ತನ ಭೋಜನ (ಚರ್ಚಿನಲ್ಲಿ ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡಿಲ್ಲ, ಮನಸ್ಸು ಒಪ್ಪುವುದಿಲ್ಲ. ಈಗ ಉಳಿದ ಜಮೀನಿನ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತ ಹಿರಿಯರ ಕೈಲಿ ಹೇಳಿಸುತ್ತಿದ್ದಾನೆ. “ಕ್ಷಮಿಸಬೇಕಮ್ಮ, ಹಾಕಿಬಿಡು” ಅನ್ನುತ್ತಾರೆ ಅವರು. ಏನು ಮಾಡಲಿ?
– ಓದುಗರೊಬ್ಬರು, ಗದಗ

ಉತ್ತರ: ಹಾಕಬೇಡಿ. ಅಂದರೆ, ಕ್ಷಮೆಯ ಹೆಸರಿನಲ್ಲಿ ಹಾಕಬೇಡಿ. ನಿಮಗೇ ಬಿಟ್ಟುಕೊಡಬೇಕು ಅನ್ನಿಸಿದರೆ ಅದು ದಾನ, ಬೇರೆ ಮಾತು. ಕ್ಷಮೆಯನ್ನೂ ಆಸ್ತಿಯನ್ನೂ ಒಂದೇ ಕಾಗದದಲ್ಲಿ ಬರೆಸಿಕೊಳ್ಳುವವರನ್ನು ನೋಡಿ ನೋಡಿ ನನಗೂ ಸಾಕಾಗಿದೆ.

ಕ್ಷಮಿಸಲೇಬೇಕು, ಅದರಲ್ಲಿ ಅನುಮಾನವಿಲ್ಲ. ಏಳು ಸಲ ಕ್ಷಮಿಸಿದರೆ ಸಾಕಾ ಅಂತ ಶಿಷ್ಯ ಪೇತ್ರ ಯೇಸುವನ್ನು ಕೇಳಿದ್ದು, ಯೇಸು ಹೇಳಿದ ಕಥೆಯಲ್ಲಿ ಹತ್ತು ಸಾವಿರ ತಲಾಂತು (ತೀರಿಸಲಾಗದಷ್ಟು ದೊಡ್ಡ ಮೊತ್ತ) ಸಾಲ ಮನ್ನಾ ಆದವನು ನೂರು ದಿನದ ಕೂಲಿಯಷ್ಟು ಬಾಕಿಗೆ ಜೊತೆಯವನ ಕುತ್ತಿಗೆ ಹಿಡಿದಿದ್ದು, ಎಲ್ಲ ನಿಮಗೆ ಗೊತ್ತು. ಆದರೆ ಕ್ಷಮಿಸುವುದಕ್ಕೆ ನೀವೊಬ್ಬರೇ ಸಾಕು, ಒಂದಾಗುವುದಕ್ಕೆ ಇಬ್ಬರೂ ಬೇಕು. ಬೈಬಲಿನಲ್ಲಿ ಅಣ್ಣಂದಿರೇ ಗುಲಾಮನಾಗಿ ಮಾರಿದ, ಆಮೇಲೆ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದೊಡ್ಡ ಅಧಿಕಾರಿಯಾದ ಯೋಸೇಫನನ್ನೇ ನೋಡಿ. ಅಣ್ಣಂದಿರು ಧಾನ್ಯ ಕೊಳ್ಳಲು ಐಗುಪ್ತಕ್ಕೆ ಬಂದ ದಿನವೇ ಅವನು ತಬ್ಬಿಕೊಳ್ಳಲಿಲ್ಲ. ಮರೆಗೆ ಹೋಗಿ ಅತ್ತ, ಆದರೂ ತಾನು ಯಾರೆಂದು ಹೇಳಲಿಲ್ಲ. ಅವರಲ್ಲೊಬ್ಬ ಸಿಮೆಯೋನನನ್ನು ಹಿಡಿದಿಟ್ಟುಕೊಂಡ, ಎರಡನೇ ಸಲ ಬಂದಾಗ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಬಟ್ಟಲು ಇಡಿಸಿದ, ತನ್ನನ್ನು ಮಾರಿದ ಹಾಗೆ ಈ ತಮ್ಮನನ್ನೂ ಬಿಟ್ಟು ಹೋಗುತ್ತಾರಾ ಅಂತ ನೋಡಬೇಕಿತ್ತು. ಇವನ ಬದಲು ನಾನೇ ಗುಲಾಮನಾಗಿ ಉಳಿಯುತ್ತೇನೆ ಅಂತ ಅಣ್ಣ ಯೆಹೂದ ಅಂದ ಮೇಲೆಯೇ (ಯೋಸೇಫನನ್ನು ಮಾರೋಣ ಅಂದವನೂ ಇದೇ ಯೆಹೂದ) ಯೋಸೇಫನಿಗೆ ತಡೆದುಕೊಳ್ಳಲು ಆಗಲಿಲ್ಲ. ಪ್ರೀತಿ ಮೊದಲೇ ಇತ್ತು, ನಂಬುವುದಕ್ಕೆ ಟೈಮ್ ಹಿಡಿಯಿತು.

1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡ, ಮಿಷನರಿ ಗ್ರಹಾಂ ಸ್ಟೇನ್ಸ್‌ರನ್ನೂ ಇಬ್ಬರು ಮಕ್ಕಳನ್ನೂ ಸುಟ್ಟು ಕೊಂದವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು. ಕೇಸು ಅದರ ಪಾಡಿಗೆ ನಡೆಯಿತು, ಶಿಕ್ಷೆಯೂ ಆಯಿತು. ಹಾಗಂತ ನೀವು ನಾಳೆಯೇ ವಕೀಲರ ಹತ್ತಿರ ಓಡಬೇಕಿಲ್ಲ. ಕೋರ್ಟಿಗೆ ಹೋಗುವ ಬದಲು ನಷ್ಟವನ್ನೇ ಯಾಕೆ ತಾಳಿಕೊಳ್ಳಬಾರದು ಅಂತ ಅಪೊಸ್ತಲ ಪೌಲ ಪತ್ರದಲ್ಲಿ ಕೊರಿಂಥ ಊರಿನ ಸಭೆಯವರನ್ನು ಕೇಳುತ್ತಾನೆ, ಹಿರಿಯರು ಇದನ್ನು ನಿಮಗೆ ತೋರಿಸಿಯೇ ತೋರಿಸುತ್ತಾರೆ. ನೀವು ಅದರ ಹಿಂದಿನ ಮುಂದಿನ ವಚನ ತೋರಿಸಿ. ಅಣ್ಣತಮ್ಮಂದಿರ ವ್ಯಾಜ್ಯ ತೀರಿಸುವ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವಾ ಅಂತ ಅವನು ಸಭೆಯನ್ನೇ ಬೈದಿದ್ದಾನೆ. ಹಿರಿಯರು ಅಣ್ಣನ ಮಾತು ಹೊತ್ತು ತರುವುದನ್ನು ಬಿಟ್ಟು ಇಬ್ಬರನ್ನೂ ಕೂರಿಸಿ ಲೆಕ್ಕ ಕೇಳಲಿ.

ಅದಕ್ಕೂ ಮೊದಲು ನೀವೊಬ್ಬರೇ ಹೋಗಿ ಅಣ್ಣನ ಹತ್ತಿರ ಮಾತಾಡಬೇಕು, ಬೈಬಲಿನ ಮತ್ತಾಯ 18ನೇ ಅಧ್ಯಾಯದ ಕ್ರಮವೇ ಅದು. ಎರಡು ವರ್ಷದಲ್ಲಿ ಒಮ್ಮೆಯಾದರೂ ಎದುರಿಗೆ ಕೂತು “ನೀನು ಮಾಡಿದ್ದು ತಪ್ಪು” ಅಂದಿದ್ದೀರಾ? ಪತ್ರದಲ್ಲಿ ಅದು ಕಾಣಲಿಲ್ಲ.

ಇನ್ನೊಂದು ಮಾತು, ಬೇಜಾರಾಗಬೇಡಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಸಮಾಧಾನವಾಗು ಅನ್ನುವ ಯೇಸುವಿನ ಮಾತನ್ನು ನಾವು ಯಾವಾಗಲೂ ನೊಂದವರ ತಲೆಗೇ ಕಟ್ಟುತ್ತೇವೆ. ಸರಿಯಾಗಿ ಓದಿ: ನಿನ್ನ ಮೇಲೆ ಸಹೋದರನಿಗೆ ಏನಾದರೂ ವಿರೋಧ ಇದ್ದರೆ, ಅಂತಿದೆ. ಜಮೀನಿನ ವಿಷಯದಲ್ಲಿ ಅದು ಅಣ್ಣನಿಗೆ ಹೇಳಿದ ಮಾತು. ಮದುವೆಯ ವಿಷಯದಲ್ಲಿ ನಿಮಗೆ. ಆ ಹುಡುಗಿ ಏನೂ ನಿಮ್ಮ ಜಮೀನು ಮಾರಿರಲಿಲ್ಲ ಅಲ್ವಾ?

ಕರ್ತನ ಭೋಜನಕ್ಕೆ ಬರುವ ಮುಂಚೆ ಪ್ರತಿಯೊಬ್ಬನೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ ಅಂದಿದ್ದಾನೆ ಪೌಲ, ಅಣ್ಣನನ್ನಲ್ಲ. ಅವನು ಬದಲಾಗುವ ತನಕ ನೀವು ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂರಬೇಕಾಗಿಲ್ಲ. ಹುಡುಗಿಗೆ ಒಂದು ಸೀರೆ ತೆಗೆದುಕೊಂಡು ಹೋಗಿ, ಮದುವೆಗೆ ಬರದೆ ತಪ್ಪು ಮಾಡಿದೆ ಅನ್ನಿ. ಅಣ್ಣ ಪತ್ರದ ಮಾತು ಎತ್ತಿದರೆ “ಇವತ್ತು ಅದಕ್ಕೆ ಬಂದಿಲ್ಲ ಅಣ್ಣಾ” ಅಂತ ಹೇಳಿ, ಟೀ ಕುಡಿದು ಬನ್ನಿ.