ಬೆತ್ಲೆಹೆಮ್ ಸ್ಟೀಲ್ ತಂಡ ಮುಚ್ಚಿದ್ದು ಆರ್ಥಿಕ ಕುಸಿತದಿಂದಲೇ?

ನೀವು ಕೇಳಿದ್ದು ಎರಡು: ಅಮೆರಿಕದ ಹಳೆಯ ಫುಟ್‌ಬಾಲ್ (ಸಾಕರ್) ತಂಡ ಬೆತ್ಲೆಹೆಮ್ ಸ್ಟೀಲ್ ಬರೀ ಕಾರ್ಮಿಕರ ತಂಡವೇ, ಮತ್ತು 1930ರಲ್ಲಿ ಅದು ಮುಚ್ಚಲು ಆರ್ಥಿಕ ಕುಸಿತವೊಂದೇ ಕಾರಣವೇ ಅಂತ.

ಮೊದಲನೆಯದಕ್ಕೆ ಉತ್ತರ: ಶುರುವಿನಲ್ಲಿ ಹೌದು, ಆಮೇಲೆ ಹೆಸರಿಗಷ್ಟೇ. ತಂಡವನ್ನು ನಡೆಸುತ್ತಿದ್ದ, ಅದೇ ಹೆಸರಿನ ಪೆನ್ಸಿಲ್ವೇನಿಯಾದ ಉಕ್ಕಿನ ಕಂಪನಿ ದುಡ್ಡು ಸುರಿದು ಸ್ಕಾಟ್ಲೆಂಡ್ ಕಡೆಯಿಂದೆಲ್ಲ ಆಟಗಾರರನ್ನು ಕರೆಸಿಕೊಂಡಿತು. ಫಲವೂ ಸಿಕ್ಕಿತು: 1915, 1916, 1918, 1919, 1926, ಹೀಗೆ ಐದು ಸಲ ನ್ಯಾಷನಲ್ ಚಾಲೆಂಜ್ ಕಪ್. ಅಮೆರಿಕದ ತಂಡಗಳ ರಾಷ್ಟ್ರಮಟ್ಟದ ಈ ಟೂರ್ನಿಯೇ ಈಗಿನ ಯುಎಸ್ ಓಪನ್ ಕಪ್. 1919ರಲ್ಲಿ ತಂಡ ಹಡಗು ಹತ್ತಿ ಸ್ವೀಡನ್‌ಗೂ ಹೋಗಿ ಆಡಿ ಬಂತು.

ಗ್ಲಾಸ್ಗೋದಲ್ಲಿ ಹುಟ್ಟಿದ, ಈ ತಂಡದ ಆಟಗಾರ ಆರ್ಚೀ ಸ್ಟಾರ್ಕ್ 1924-25ರ ಒಂದೇ ಲೀಗ್ ಋತುವಿನಲ್ಲಿ ಹೊಡೆದದ್ದು 67 ಗೋಲು! ನಾನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ಇನ್ನು ಮುಚ್ಚಿದ ವಿಷಯ. ಕುಸಿತಕ್ಕೂ ಮೊದಲೇ ಅಮೆರಿಕದ ಫುಟ್‌ಬಾಲ್‌ನಲ್ಲಿ ಮನೆ ಜಗಳ ಶುರುವಾಗಿತ್ತು. 1928ರಲ್ಲಿ ಬೆತ್ಲೆಹೆಮ್ ಆಡುತ್ತಿದ್ದ ಅಮೆರಿಕನ್ ಸಾಕರ್ ಲೀಗ್ ತನ್ನ ತಂಡಗಳಿಗೆ ಚಾಲೆಂಜ್ ಕಪ್ ಆಡಬೇಡಿ ಎಂದಿತು. ಬೆತ್ಲೆಹೆಮ್ ಕೇಳಲಿಲ್ಲ, ಲೀಗ್ ಹೊರಗೆ ಹಾಕಿತು. ದೇಶದ ಫುಟ್‌ಬಾಲ್ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ ಬೆತ್ಲೆಹೆಮ್ ಪರ ನಿಂತಿತು. ಪೈಪೋಟಿಗೆ ಈಸ್ಟರ್ನ್ ಲೀಗ್ ಹುಟ್ಟಿತು. ಇರುವಷ್ಟು ಪ್ರೇಕ್ಷಕರನ್ನೇ ಎರಡು ಲೀಗ್‌ಗಳು ಹಂಚಿಕೊಂಡರೆ ಗೇಟಿನ ಹಣ ಎಲ್ಲಿಂದ ಬರಬೇಕು? ಜಗಳ 1929ರಲ್ಲಿ ತಣ್ಣಗಾಗುವ ಹೊತ್ತಿಗೆ ಷೇರುಪೇಟೆ ಬಿತ್ತು. ಒಬ್ಬನೇ ಯಜಮಾನನ ಜೇಬು ನಂಬಿದ್ದ ತಂಡ, ಜೇಬು ಮುಚ್ಚಿದ ಕೂಡಲೇ ನಿಂತುಹೋಯಿತು. ನನ್ನ ಲೆಕ್ಕದಲ್ಲಿ ಕುಸಿತ ಕೊನೆಯ ಏಟು ಮಾತ್ರ.